ಐದು ತಂತಿಯ ಹಗುರ ಗಿಟಾರು

ಮನುಷ್ಯನಿಗೆ ಎಡಭುಜ ಇರುವುದೇ ಬೇಸ್ ಗಿಟಾರಿನ ಪಟ್ಟಿ ನೇತುಹಾಕಿಕೊಳ್ಳುವುದಕ್ಕೆ ಎಂದು ಗುಮಾಸ್ತರು ಹರೆಯದಿಂದಲೂ ನಂಬಿಕೊಂಡು ಬಂದಿದ್ದರು. ಆ ಎಡಭುಜವೇ ಈಗ ಅವರ ವಿರುದ್ಧ ಅಸಹಕಾರ ಚಳವಳಿ ಹೂಡಿತ್ತು. ಅಂಗಿಯ ತೋಳಿಗೆ ಕೈ ತೂರಿಸಿದರೆ ನೋವು, ಬಟ್ಟೆ ಒಣಗಿಸುವ ತಂತಿಯ ಮೇಲೆ ಟವೆಲ್ ಹರವಿದರೆ ನೋವು, ಸುಮ್ಮನೆ ಕೂತರೆ ಇನ್ನೂ ನೋವು. ಡಾಕ್ಟರಮ್ಮ ಕೈಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ, "ತುಂಬಿದ ಬಕೆಟ್ ಕೂಡ ಎತ್ತಬೇಡಿ" ಎಂದು ಅಪ್ಪಣೆ ಕೊಡಿಸಿದರು. (ಬಕೆಟ್ ಎತ್ತದೆ ಇರುವುದಕ್ಕೆ ಈ ಮಹಾಶಯರಿಗೆ ಡಾಕ್ಟರ ಸಲಹೆ ಯಾವತ್ತೂ ಬೇಕಾಗಿರಲಿಲ್ಲ ಎಂಬುದು ಅವರ ಮನೆಯಾಕೆಯ ಅಂಬೋಣ.)

"ಮತ್ತೆ ಗಿಟಾರು?" ಎಂದು ಗುಮಾಸ್ತರು ಮೆಲ್ಲಗೆ ಕೇಳಿದರು.

"ಎಷ್ಟು ಭಾರ ಇರುತ್ತೆ?"

"ಅಂಥಾದ್ದೇನಿಲ್ಲ."

"ಸುಳ್ಳು ಡಾಕ್ಟ್ರೇ," ಎಂದರು ಪಕ್ಕದಲ್ಲಿ ಕೂತಿದ್ದ ಮನೆಯಾಕೆ. "ಅದು ಗಿಟಾರಲ್ಲ, ಕೊರಡು. ಗಾಳಿಗೆ ಬಾಗಿಲು ಹೊಡ್ಕೋಬಾರದು ಅಂತ ನಾನು ಅಡ್ಡ ಇಡೋದೇ ಅದನ್ನ."

ಈ ಗುಮಾಸ್ತರು ಲಾರಿ ತೂಗುವ ವೇಬ್ರಿಜ್‌ನಲ್ಲಿ ಕೆಲಸಕ್ಕಿದ್ದರು. ಮರಳು ತುಂಬಿದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಗಾಜಿನ ಕೋಣೆಯೊಳಗೆ ಕೆಂಪು ಅಂಕಿ ಮೂಡುತ್ತದೆ, ಗುಮಾಸ್ತರು ಚೀಟಿ ಹರಿದು ಕೊಡುತ್ತಾರೆ. ಚಾಲಕರು ಹಾಕುವ ಆಣೆ, ಮಾಲೀಕರು ಫೋನಿನಲ್ಲಿ ಕೂಗಾಡುವ ಮಾತು, ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ, ತೂಕವೊಂದೇ ನಿಜ. ಹೀಗೆ ಹಗಲೆಲ್ಲ ತೂಗಿ ತೂಗಿ ಅವರಿಗೆ ಲೋಕದಲ್ಲಿ ತೂಕ ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ಮುಂದೆ ಆದ ಎಡವಟ್ಟಿಗೆಲ್ಲ ಮೂಲ ಇದೇ.

ಸಂಜೆಯ ಹೊತ್ತು ಮಾತ್ರ ಅವರು ಕಲಾವಿದರು. ಮನೆಯಾಕೆಯ ತಮ್ಮ ನಡೆಸುತ್ತಿದ್ದ ವಾದ್ಯವೃಂದದಲ್ಲಿ ಬೇಸ್ ನುಡಿಸುತ್ತಿದ್ದರು. ಬೇಸ್ ಗಿಟಾರು ಎಂದರೆ ದಪ್ಪ ತಂತಿಯದು, ಹಾಡಿನ ತಳದಲ್ಲಿ ಡುಂ ಡುಂ ಎಂದು ನಡೆಯುವಂಥದ್ದು. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ. ನಿಂತುಹೋದರೆ, ಫ್ಯಾನ್ ನಿಂತಿತೇನೋ ಎಂದು ಜನ ತಲೆಯೆತ್ತಿ ನೋಡುತ್ತಾರೆ. ಹಾಗೆ ಯಾರಾದರೂ ತಲೆಯೆತ್ತಿದರೆ ಅದೇ ಬೇಸ್‌ನವನಿಗೆ ಸಲ್ಲುವ ಚಪ್ಪಾಳೆ ಎಂದು ಗುಮಾಸ್ತರು ಬಾಮೈದನಿಗೆ ಪಾಠ ಹೇಳಿದ್ದರು. ಆ ಬಾಮೈದನಿಗೆ ಗಿಟಾರಿನ ಮೇಲೆ ಮೊದಲು ಬೆರಳಿಡಿಸಿದವರೂ ಅವರೇ.

ಬಾಮೈದ ಭುಜ ವಿಚಾರಿಸಲೆಂದು ಮನೆಗೆ ಬಂದ. ವಿಚಾರಿಸಿದ, ಚಹಾ ಕುಡಿದ, ಆಮೇಲೆ ಖಾಲಿ ಲೋಟದ ತಳವನ್ನು ದಿಟ್ಟಿಸುತ್ತ ಕೂತ.

"ಭಾವ, ನೀವು ಆರಾಮಾಗಿ ರೆಸ್ಟ್ ತಗೊಳ್ಳಿ. ಕೀಬೋರ್ಡಿನವನ ಎಡಗೈ ಹೇಗೂ ಸುಮ್ನೇ ಇರುತ್ತಲ್ಲ, ಬೇಸ್ ಅದರಲ್ಲೇ ಹಿಡಿದುಬಿಡ್ತಾನೆ. ಹೋದ ಕಾರ್ಯಕ್ರಮ ಹಾಗೇ ಆಯ್ತು."

"ಜನ ಏನಂದ್ರು?"

"ಏನೂ ಅನ್ನಲಿಲ್ಲ ಭಾವ. ಯಾರಿಗೂ ಗೊತ್ತೇ ಆಗಲಿಲ್ಲ. ನೀವೇನೂ ತಲೆ ಕೆಡಿಸ್ಕೋಬೇಡಿ."

ಪಾಪ, ಅವನು ಸಮಾಧಾನಕ್ಕೆಂದೇ ಹೇಳಿದ್ದು. ಗುಮಾಸ್ತರ ಚಹಾ ಲೋಟದಲ್ಲೇ ಆರಿತು. ಒಬ್ಬ ಮನುಷ್ಯ ಇಷ್ಟು ವರ್ಷ ನಿಂತು ಮಾಡಿದ ಕೆಲಸ ಇನ್ನೊಬ್ಬನ ಬಿಡುವಾಗಿದ್ದ ಎಡಗೈಯಲ್ಲಿ ಮುಗಿದುಹೋಗುವಂಥದ್ದೇ? ಅವರಿಗೆ ಬೇರೆ ಗೆಳೆಯರಿರಲಿಲ್ಲ, ಬೇರೆ ಚಟವಿರಲಿಲ್ಲ. ವೃಂದದಲ್ಲಿ ಜಾಗ ಹೋದರೆ ಸಂಜೆಗೂ ಲಾರಿಯೇ ಗತಿ.

"ಮುಂದಿನ ಕಾರ್ಯಕ್ರಮಕ್ಕೆ ನಾನೇ ಬರ್ತೀನಿ," ಎಂದುಬಿಟ್ಟರು.

ಬಾಮೈದ ತಲೆ ಕೆರೆದುಕೊಂಡ. "ಬನ್ನಿ ಭಾವ. ಆದ್ರೆ ಕೂತು ನುಡಿಸೋದು ಬೇಡ, ವೇದಿಕೆ ಆಸ್ಪತ್ರೆ ಥರ ಕಾಣುತ್ತೆ. ಇನ್ನೊಂದು, ಈಗ ಹಾಡೋರು ಹೊಸಬರು. ಅವರ ಶ್ರುತಿ ಕೆಳಗೆ. ಎಲ್ಲ ಹಾಡನ್ನೂ ಇಳಿಸಿದ್ದೀವಿ. ನಿಮ್ಮ ನಾಲ್ಕು ತಂತಿ ಅಷ್ಟು ಆಳಕ್ಕೆ ಹೋಗಲ್ಲ. ಐದು ತಂತೀದು ಬೇಕಾಗುತ್ತೆ."

ಭುಜಕ್ಕೆ ಹಗುರವಾಗಿರಬೇಕು, ತಂತಿ ಮಾತ್ರ ಒಂದು ಹೆಚ್ಚಿರಬೇಕು. ಭುಜ ಒಂದು ಕಡೆ ಎಳೆಯಿತು, ಶ್ರುತಿ ಇನ್ನೊಂದು ಕಡೆ ಎಳೆಯಿತು.

ಕೊಳ್ಳುವ ಮೊದಲು ಹಳೆಯದು ಎಷ್ಟು ಭಾರವಿದೆ ಎಂದು ತಿಳಿಯಬೇಕಲ್ಲ. ಗುಮಾಸ್ತರು ಗಿಟಾರನ್ನು ವೇಬ್ರಿಜ್‌ಗೇ ಒಯ್ದರು. ಲಾರಿಗಳಿಲ್ಲದ ಹೊತ್ತು ನೋಡಿ, ಅದನ್ನು ಹೊತ್ತುಕೊಂಡು ಕಬ್ಬಿಣದ ಹಾಸಿನ ನಟ್ಟನಡುವೆ ನಿಂತು, ಕತ್ತು ಚಾಚಿ ಗಾಜಿನಾಚೆಯ ಅಂಕಿ ನೋಡಿಕೊಂಡರು. ಗಿಟಾರನ್ನು ಹಾಸಿನ ಆಚೆ ಇಟ್ಟು ಬಂದು ಮತ್ತೆ ನಿಂತರು. ಅದೇ ಅಂಕಿ. ಲಾರಿ ತೂಗುವ ಯಂತ್ರ ಚಿಲ್ಲರೆ ಭಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ತಮ್ಮ ಜೀವಮಾನದ ಬೇಸ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ತಮ್ಮದೇ ಯಂತ್ರ ಹೇಳಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಕೊನೆಗೆ ಕಚೇರಿಯ ಮೂಲೆಯಲ್ಲಿದ್ದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ಅದನ್ನು ತೂಗಿ, ಆ ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು.

ವಾದ್ಯದ ಅಂಗಡಿಗೆ ಮನೆಯಾಕೆಯೂ ಹೊರಟರು. ಅವರು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಿ, ಪರದೆ ಹೊಲಿಯುವವರು. ಗಂಡನೊಬ್ಬರನ್ನೇ ಅಂಗಡಿಗೆ ಬಿಟ್ಟರೆ ಏನಾಗುತ್ತದೆ ಎಂದು ಅನುಭವದಿಂದ ಬಲ್ಲವರು.

"ಐದು ತಂತಿಯ ಬೇಸ್, ಹಗುರವಾದದ್ದು," ಎಂದರು ಗುಮಾಸ್ತರು.

"ಮೊಮ್ಮಗನಿಗಾ ಸಾರ್?" ಎಂದು ಅಂಗಡಿಯವರು ವಿಶ್ವಾಸದಿಂದಲೇ ಕೇಳಿದರು.

"ನನಗೆ."

ಅಂಗಡಿಯವರು ಗೋಡೆಯಿಂದ ಒಂದೊಂದೇ ಇಳಿಸತೊಡಗಿದರು. ಇದರ ನಾದ ನೋಡಿ ಸಾರ್, ಇದರ ಮರ ನೋಡಿ ಸಾರ್, ಇದರ ಕತ್ತು ಎಷ್ಟು ನಯ ನೋಡಿ. ಗುಮಾಸ್ತರು ಯಾವುದನ್ನೂ ನೋಡಲಿಲ್ಲ. ಚೀಲದಿಂದ ತಕ್ಕಡಿ ತೆಗೆದರು. ಗಿಟಾರಿನ ಮೈಯಲ್ಲಿ ಪಟ್ಟಿ ಸಿಕ್ಕಿಸುವ ಗುಬುಟಿಗೆ ಕೊಕ್ಕೆ ಹಾಕಿ, ನೆಟ್ಟಗಿದ್ದ ಬಲಗೈಯಲ್ಲಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಮುಳ್ಳು ನೋಡಿದರು.

"ಸಾರ್, ಸಾರ್, ಇದೇನು ಮಾಡ್ತಾ ಇದ್ದೀರಿ?"

"ನಿಮ್ಮ ಕೆಲಸ ನೀವು ಮಾಡಿ. ಮುಂದಿನದು ಕೊಡಿ."

ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಮನೆಯಾಕೆ ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು. ಕಡೆಗೆ ನೀಲಿ ಬಣ್ಣದ ಒಂದು ಪುಟ್ಟ ಮೈಯ ಗಿಟಾರು ಕೊಕ್ಕೆಗೆ ಸಿಕ್ಕಿತು. ಮುಳ್ಳು ಒಲ್ಲದ ಮನಸ್ಸಿನಿಂದ ಒಂಚೂರು ಅಲುಗಿ ನಿಂತಿತು. ಹಳೆಯದರ ಅರ್ಧವೂ ಇಲ್ಲ. ಗುಮಾಸ್ತರ ಮುಖ ಅರಳಿತು.

"ಇದೇ."

"ಒಂದ್ಸಲ ನಿಂತು ಹಾಕ್ಕೊಂಡು ನೋಡಿ ರೀ," ಎಂದರು ಮನೆಯಾಕೆ. "ಹೇಗೆ ಕೂರುತ್ತೆ ಗೊತ್ತಾಗ್ಲಿ. ನಾನು ಯಾರಿಗೂ ಹಾಕಿ ನೋಡ್ದೆ ಅಂಗಿ ಕೊಟ್ಟು ಕಳಿಸಲ್ಲ."

"ಇದೇನು ಅಂಗಿಯೇನೇ, ಹಾಕಿ ನೋಡೋಕೆ? ತೂಕ ನೋಡಾಯ್ತಲ್ಲ."

"ತೂಗೋದೇ ಬೇರೆ, ತಗುಲಿಹಾಕ್ಕೊಳ್ಳೋದೇ ಬೇರೆ."

ನಿಜ ಹೇಳಬೇಕೆಂದರೆ ಗುಮಾಸ್ತರಿಗೆ ಆ ದಿನ ಭುಜ ವಿಪರೀತ ನೋಯುತ್ತಿತ್ತು. ಅಷ್ಟು ಜನರ ಮುಂದೆ ಪಟ್ಟಿ ಹಾಕಿಕೊಳ್ಳಲು ಕೈ ಎತ್ತಿದರೆ ಬಾಯಿಂದ 'ಅಮ್ಮಾ' ಎಂದು ಬರುವುದು ಖಂಡಿತವಿತ್ತು. ಮೊಮ್ಮಗನಿಗಾ ಎಂದವರ ಎದುರಿಗೆ ಅದು ಸಾಧ್ಯವಿರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ನಾಲ್ಕು ಸಲ ಡುಂ ಡುಂ ಎನ್ನಿಸಿದರು. ಐದನೆಯ ತಂತಿಯ ಆಳದ ದನಿ ಎದೆಗೂಡಿನೊಳಗೇ ಹೊಕ್ಕಿತು. ಕೀಬೋರ್ಡಿನ ಯಾವ ಎಡಗೈ ಬರುತ್ತದೋ ಬರಲಿ ಎಂದುಕೊಂಡು ಕಟ್ಟಿಕೊಡಲು ಹೇಳಿದರು.

ಮನೆಯಲ್ಲಿ ಬಾಗಿಲು ಹಾಕಿಕೊಂಡು, ನಿಲುವುಗನ್ನಡಿಯ ಮುಂದೆ, ಹಲ್ಲು ಕಚ್ಚಿ ಪಟ್ಟಿಯನ್ನು ಭುಜಕ್ಕೇರಿಸಿದರು. ಹತ್ತಿ ಇಟ್ಟ ಹಾಗಿತ್ತು. ಖುಷಿಯಿಂದ ಎರಡೂ ಕೈ ಬಿಟ್ಟು ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಂಡರು.

ಗಿಟಾರಿನ ತಲೆ ಮೆಲ್ಲಗೆ ಕೆಳಗಿಳಿಯತೊಡಗಿತು. ಎತ್ತಿ ನಿಲ್ಲಿಸಿದರು. ಮತ್ತೆ ಇಳಿಯಿತು. ಮೂರನೆಯ ಸಲ ಸರ್ರನೆ ಜಾರಿ ಕನ್ನಡಿಗೆ ಠಣ್ಣೆಂದು ಬಡಿಯಿತು. ಐದು ತಂತಿಗೆ ಅಗಲವಾದ ಕತ್ತು, ಐದು ತಿರುಪು ಹೊತ್ತ ದೊಡ್ಡ ತಲೆ. ಅದನ್ನು ಹಿಡಿದಿಡಬೇಕಾದ ಮೈಯಲ್ಲಿ ಮಾತ್ರ ಭಾರವೇ ಇಲ್ಲ. ತೂಕ ನೋಡಿ ಆರಿಸಿದ್ದು ತೂಕಡಿಸುವುದಕ್ಕೆ ಶುರುಮಾಡಿತ್ತು. ತಲೆಯನ್ನು ಎತ್ತಿ ಹಿಡಿಯುವುದಕ್ಕೇ ಎಡಗೈ ಬೇಕು, ಅದೇ ಎಡಗೈಯಲ್ಲಿ ತಂತಿ ಒತ್ತಬೇಕು, ಆ ಎಡಗೈ ನೇತಾಡುತ್ತಿದ್ದದ್ದು ಅದೇ ನೋಯುವ ಭುಜದಲ್ಲಿ.

ಶಬ್ದ ಕೇಳಿ ಮನೆಯಾಕೆ ಬಂದರು. ಬಾಗಿಲಲ್ಲಿ ನಿಂತು ಗಂಡನನ್ನೂ ಗಿಟಾರನ್ನೂ ನೋಡಿದರು. ಇಬ್ಬರೂ ತಲೆ ತಗ್ಗಿಸಿದ್ದರು.

"ನಾನೇನೂ ಹೇಳಲ್ಲಪ್ಪ," ಎಂದರು. (ಇದನ್ನು ಅವರು ಆ ಸಂಜೆ ಬೇರೆ ಬೇರೆ ರಾಗದಲ್ಲಿ ಹಲವು ಸಲ ಹೇಳಿದರು.)

ವಾಪಸು ಕೊಡಲು ಹೋದರೆ ಅಂಗಡಿಯವರು ಗಿಟಾರನ್ನು ತಿರುಗಿಸಿ ಗುಬುಟಿಯ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದರು. ನೀಲಿ ಬಣ್ಣದ ಮೇಲೆ ಕೊಕ್ಕೆ ಕೆರೆದ ಗೆರೆ. "ಇದನ್ನ ಇನ್ನು ಹೊಸದು ಅಂತ ಹೇಗೆ ಮಾರಲಿ ಸಾರ್?" ಎಂದರು. ಅದೂ ನ್ಯಾಯವೇ. ಗುಮಾಸ್ತರು ಗಿಟಾರಿನ ಸಮೇತ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು.

"ಬಿಡು, ಎಡಗೈಯವನೇ ನುಡಿಸ್ಲಿ. ನನ್ನ ಕಾಲ ಮುಗೀತು ಅನ್ಸುತ್ತೆ."

ಅವರು ಇದನ್ನು ತಮಾಷೆಯಂತೆ ಹೇಳಲು ನೋಡಿದರು, ದನಿ ಅದಕ್ಕೆ ಒಪ್ಪಲಿಲ್ಲ. ಮನೆಯಾಕೆ ಒಂದು ಗಳಿಗೆ ಅವರ ಮುಖ ನೋಡಿದರು. ಏನೂ ಹೇಳಲ್ಲಪ್ಪ ಎಂಬ ರಾಗವನ್ನು ಅಲ್ಲಿಗೇ ನಿಲ್ಲಿಸಿದರು.

"ಏಳಿ. ಹಾಕ್ಕೊಂಡು ನಿಂತ್ಕೊಳ್ಳಿ. ನೆಟ್ಟಗೆ."

ಪರದೆ ಗಾಳಿಗೆ ಹಾರಬಾರದೆಂದು ಅಂಚಿನೊಳಗೆ ಇಟ್ಟು ಹೊಲಿಯುವ ಸೀಸದ ಬಿಲ್ಲೆಗಳು ಆಕೆಯ ಡಬ್ಬಿಯಲ್ಲಿದ್ದವು. ಪಟ್ಟಿಯ ಹಿಂಬದಿಯ ತುದಿಗೆ ಒಂದು ಗಟ್ಟಿ ಬಟ್ಟೆಯ ಚೀಲ ಹೊಲಿದರು. ಒಂದೊಂದೇ ಬಿಲ್ಲೆ ಹಾಕುತ್ತ ಬಂದರು. ಗಿಟಾರಿನ ತಲೆ ಒಂಚೂರು ಎದ್ದಿತು. ಇನ್ನಷ್ಟು ಹಾಕಿದರು, ಇನ್ನಷ್ಟು ಎದ್ದಿತು. ಬಿಲ್ಲೆ ಮುಗಿದಾಗ ಯಂತ್ರದ ಹಳೇ ಬೋಲ್ಟುಗಳನ್ನು ಸೇರಿಸಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ, ಹಿಂದೆ ಸರಿದು ನೋಡಿ, ಮತ್ತೆ ಬಂದು ಹೊಲಿದರು. ಕಡೆಗೆ ಗಿಟಾರು ಅಡ್ಡಡ್ಡ ನೆಟ್ಟಗೆ ನಿಂತಿತು. ಕೈ ಬಿಟ್ಟರೂ ಅಲುಗಲಿಲ್ಲ.

ಗುಮಾಸ್ತರು ಸುಮ್ಮನಿರಬಹುದಿತ್ತು. ಹುಟ್ಟುಗುಣ ಬಿಡಬೇಕಲ್ಲ. ಪಟ್ಟಿ, ಚೀಲ ಸಮೇತ ಅದನ್ನು ಕೊಕ್ಕೆಗೆ ಹಾಕಿ ಎತ್ತಿದರು. ಮುಳ್ಳು ಹಳೆಯ ಕೊರಡಿನ ಭಾರ ಮುಟ್ಟಿ, ಅದನ್ನೂ ದಾಟಿ ಒಂದು ಗೆರೆ ಮುಂದೆ ಹೋಗಿ ನಿಂತಿತು. ಗಂಡ ಹೆಂಡತಿ ಇಬ್ಬರೂ ಆ ಮುಳ್ಳನ್ನು ಬಹಳ ಹೊತ್ತು ನೋಡಿದರು.

"ಐದನೇ ತಂತಿ ಆದ್ರೂ ಇದೆಯಲ್ಲ," ಎಂದರು ಮನೆಯಾಕೆ.

ಅಲ್ಲಿಂದ ಮುಂದೆ ಗುಮಾಸ್ತರು ದಿನವೂ ಆ ಹಗುರ ಗಿಟಾರನ್ನು ಹೊತ್ತು ಸಾಧನೆಗೆ ನಿಂತರು. ಒಂದೇ ಕೋಣೆಯಲ್ಲಿ ಈ ಕಡೆ ಗೋಡೆಗೆ ಅವರ ಸಣ್ಣ ಸ್ಪೀಕರ್ ಪೆಟ್ಟಿಗೆ, ಆ ಕಡೆ ಕಿಟಕಿಗೆ ಆಕೆಯ ಹೊಲಿಗೆ ಯಂತ್ರ. ಕೆಳಗಿಳಿಸಿದ ಹಾಡುಗಳನ್ನೆಲ್ಲ ಮತ್ತೆ ಮೊದಲಿನಿಂದ ಕಲಿತರು. ಹಾಡಿನ ನಡುವೆ ಭುಜಕ್ಕೆ ಬಿಸಿನೀರಿನ ಚೀಲ. ನೋವು ಕಡಿಮೆಯಾಗಿದೆಯೇ ಎಂದು ಆಕೆ ಕೇಳಿದರೆ, ಹೌದು ಎನ್ನುತ್ತಿದ್ದರು. ಆಗಿರಲಿಲ್ಲ.

ಕಾರ್ಯಕ್ರಮ ಒಂದು ಕಾರ್ಖಾನೆಯ ಸಭಾಂಗಣದಲ್ಲಿ. ಪಟ್ಟಿಯನ್ನು ಭುಜಕ್ಕೇರಿಸಲು ಯಾರಾದರೂ ಬೇಕಾಗಿತ್ತು, ಹಾಗಾಗಿ ಎಂದೂ ಬಾರದ ಮನೆಯಾಕೆ ಆ ದಿನ ಜೊತೆಗೆ ಬಂದರು. ವೇದಿಕೆಯ ಹಿಂದೆ ಗಂಡನಿಗೆ ಗಿಟಾರು ತೊಡಿಸಿ, ಚೀಲ ಕಾಣದಂತೆ ಕೋಟಿನೊಳಗೆ ಸೇರಿಸಿ, ಕಾಲರ್ ಸರಿಮಾಡಿ, ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ಗುಮಾಸ್ತರು ಅವತ್ತು ನುಡಿಸಿದ ಹಾಗೆ ಎಂದೂ ನುಡಿಸಿರಲಿಲ್ಲ. ಬೆನ್ನ ಹಿಂದಿನ ಸಣ್ಣ ಪೆಟ್ಟಿಗೆಯಿಂದ ತಮ್ಮದೇ ಡುಂಕಾರ ಕಾಲಿನ ಮೂಲಕ ಮೈಯೇರುತ್ತಿತ್ತು. ಭುಜ ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಒಂದು ಸಲವೂ ಕೈ ನಿಲ್ಲಲಿಲ್ಲ. ಕೊನೆಯ ಹಾಡು ಮುಗಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಬಾಮೈದ ಓಡಿಬಂದು, "ಭಾವ, ಬೊಂಬಾಟ್" ಎಂದು ಬೆನ್ನು ತಟ್ಟಿದ. (ತಟ್ಟಿದ್ದು ಎಡಭುಜಕ್ಕೇ. ಗುಮಾಸ್ತರು ಅದನ್ನೂ ನಗುತ್ತ ಸಹಿಸಿದರು.) ತಮ್ಮ ಜಾಗ ತಮಗೇ ಉಳಿಯಿತು ಎಂದು ಅವರಿಗೆ ಖಾತ್ರಿಯಾಯಿತು.

ಹಿಂಬಾಗಿಲಲ್ಲಿ ಮನೆಯಾಕೆ ಕಾಯುತ್ತಿದ್ದರು.

"ಹೇಗಿತ್ತು?" ಎಂದರು ಗುಮಾಸ್ತರು, ಹೊಗಳಿಸಿಕೊಳ್ಳಲು ಸಿದ್ಧರಾಗಿ.

ಆಕೆ ಪಟ್ಟಿಯನ್ನು ಅವರ ಭುಜದಿಂದ ಇಳಿಸುತ್ತ ಹೇಳಿದರು. "ನೀವು ನುಡಿಸಿದ್ದು ಕೇಳಿಸ್ಲಿಲ್ಲ ರೀ."

"ಬೇಸ್ ಕೇಳಿಸ್ಕೊಳ್ಳೋಕೆ ಕಿವಿ ಬೇಕು ಕಣೇ."

"ಬೇಸ್ ಕೇಳಿಸ್ತು. ನಿಮ್ಮದು ಕೇಳಿಸ್ಲಿಲ್ಲ."

ಗುಮಾಸ್ತರಿಗೆ ರೇಗಿಹೋಯಿತು. ಇಡೀ ಸಭೆ ಚಪ್ಪಾಳೆ ತಟ್ಟಿದರೆ ಕಟ್ಟಿಕೊಂಡವಳು ಮಾತ್ರ ಹೀಗೆ. ಆಕೆಯ ಬಾಯಿ ಮುಚ್ಚಿಸಲೆಂದೇ, ವ್ಯಾನಿಗೆ ಪೆಟ್ಟಿಗೆ ತುಂಬಿಸುತ್ತಿದ್ದ ಬಾಮೈದನನ್ನು ಕೂಗಿ ಕರೆದರು.

"ನಿಮ್ಮಕ್ಕನಿಗೆ ಹೇಳಪ್ಪ. ನಾನು ನುಡಿಸಿದ್ದು ಕೇಳಿಸ್ಲೇ ಇಲ್ವಂತೆ."

ಬಾಮೈದ ನಗುತ್ತ ಬಂದವನು ನಗು ನಿಲ್ಲಿಸಿದ. ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಕೈಯಲ್ಲಿದ್ದ ವೈರನ್ನು ಮತ್ತೊಂದು ಸುತ್ತು ಸುತ್ತಿದ.

"ಭಾವ, ಬೇಜಾರು ಮಾಡ್ಕೋಬೇಡಿ. ನಡುವೆ ನಿಮ್ಮ ಭುಜ ಕೈಕೊಟ್ರೆ ಹಾಡು ನಿಲ್ಲಬಾರದಲ್ಲ. ಅದಕ್ಕೇ ಕೀಬೋರ್ಡಿನವನಿಗೂ ನುಡಿಸೋಕೆ ಹೇಳಿದ್ದೆ. ಎರಡು ಬೇಸ್ ಒಟ್ಟಿಗೆ ಹೋದ್ರೆ ಕಲಸುಮೇಲೋಗರ ಆಗುತ್ತೆ. ನಿಮ್ಮದನ್ನ ಸಭೆಯ ದೊಡ್ಡ ಸ್ಪೀಕರಿಗೆ ಬಿಡಬೇಡ ಅಂತ ಸೌಂಡಿನವನಿಗೆ ಹೇಳಿದ್ದೆ. ನಿಮ್ಮ ಹಿಂದಿನ ಪೆಟ್ಟಿಗೇಲಿ ಮಾತ್ರ ಬರ್ತಿತ್ತು, ನಿಮಗೆ ಕೇಳಿಸ್ಲಿ ಅಂತ." ಆಮೇಲೆ ಅವಸರದಿಂದ, "ಆದ್ರೆ ವೇದಿಕೆ ಮೇಲೆ ಎಷ್ಟು ಚೆನ್ನಾಗಿ ಕಾಣಿಸ್ತು ಗೊತ್ತಾ ಆ ನೀಲಿ ಬಣ್ಣ! ಮುಂದಿನ ಸಲವೂ ಖಂಡಿತ ಬರ್ಬೇಕು ಭಾವ" ಎಂದ.

"ನೋಡೋಣ," ಎಂದರು ಗುಮಾಸ್ತರು.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕೆಟ್ಟದ್ದು ಬಯಸಿ ಮಾಡಿದ್ದರೆ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಗಂಡ ಹೆಂಡತಿ ಗಿಟಾರನ್ನು ನಡುವೆ ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದರು. ಬೆಂಚಿನ ಮೇಲೆ ಅದನ್ನು ಒರಗಿಸಿ ಕೂತರು. ಸಭೆಯಿಂದ ಬಂದವರು ಒಂದಿಬ್ಬರು, ಚೆನ್ನಾಗಿ ನುಡಿಸಿದ್ರಿ ಸಾರ್, ಎಂದು ಹೇಳಿ ಹೋದರು. ಗುಮಾಸ್ತರು ಅವರಿಗೆ ತಲೆಯಾಡಿಸಿದರು.

ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗದ್ದು, ವೇದಿಕೆಯ ಮೇಲೆ ನಿಂತಿದ್ದ ತಮಗೇ ಗೊತ್ತಾಗದ್ದು, ಹಿಂದಿನ ಸಾಲಿನ ಹೊಲಿಗೆಯವಳಿಗೆ ಹೇಗೆ ಗೊತ್ತಾಯಿತು ಎಂದು ಅವರಿಗೆ ಬಗೆಹರಿಯಲಿಲ್ಲ.

"ಅದು ನಾನಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಕೊನೇ ಹಾಡಲ್ಲಿ, ಹಾಡೋರು ಒಂದು ಗಳಿಗೆ ನಿಲ್ಲಿಸಿದಾಗ ನೀವೊಬ್ರೇ ಮೆಟ್ಟಿಲಿಳಿದ ಹಾಗೆ ಇಳಿದು ಬರ್ತೀರಲ್ಲ, ಅಲ್ಲಿ."

"ಅಲ್ಲಿ ಏನಾಯ್ತು? ತಪ್ಪಾಯ್ತಾ?"

"ಇಲ್ಲ, ಸರಿಯಾಗಿ ಬಂತು. ನೀವು ಅಲ್ಲಿ ಯಾವಾಗ್ಲೂ ಒಂಚೂರು ತಡ."

"ಯಾವಾಗ್ಲೂ?"

"ಯಾವಾಗ್ಲೂ. ಮನೇಲಿ ನುಡಿಸೋವಾಗೆಲ್ಲ ಹಾಗೇ. ನೀವು ಬರೋವರೆಗೆ ನಾನು ಕಾಲು ಎತ್ತಿ ಯಂತ್ರ ನಿಲ್ಲಿಸ್ಕೊಂಡಿರ್ತೀನಿ. ಇವತ್ತು ಕಾಯೋ ಮೊದಲೇ ಬಂದುಬಿಡ್ತು. ಯಾರೋ ಬೇರೆಯವರು ಅಂದ್ಕೊಂಡೆ."

ಇಷ್ಟು ವರ್ಷ ತಮ್ಮ ಕೈ ಲೆಕ್ಕ ತಪ್ಪಿದ್ದಿಲ್ಲ ಎಂದು ಗುಮಾಸ್ತರು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದರು.

"ಮತ್ತೆ ಒಂದು ದಿನವೂ ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ತಿದ್ಕೊಂಡುಬಿಡ್ತಿದ್ರಿ," ಎಂದರು ಮನೆಯಾಕೆ. "ಆಮೇಲೆ ಅದು ನಿಮ್ಮದು ಅಂತ ನನಗೆ ಗೊತ್ತಾಗೋದು ಹೇಗೆ?"

ಗುಮಾಸ್ತರು ನಗಬೇಕೆಂದು ಬಾಯಿ ತೆರೆದರು. ಬಂದದ್ದು ಅಳು, ಅದೂ ಒಂಚೂರು ತಡವಾಗಿಯೇ ಬಂತು.